ಪ್ಲಮರ್ ಬ್ಲಾಕ್ ಸಾಕು, ಒಂದು ಹೋಸ್ ಬಿಡಿಸೋಣ

ಮಷೀನ್ ಡ್ರಾಯಿಂಗ್ ಲ್ಯಾಬ್‌ನಲ್ಲಿ ನಾವೆಲ್ಲ ನಕಲ್ ಜಾಯಿಂಟ್ ಬಿಡಿಸ್ತೀವಿ, ಸ್ಕ್ರೂ ಜ್ಯಾಕ್ ಬಿಡಿಸ್ತೀವಿ, ಪ್ಲಮರ್ ಬ್ಲಾಕ್ ಬಿಡಿಸ್ತೀವಿ. ನಮ್ಮ ಸೀನಿಯರ್ಸ್ ಬಿಡಿಸಿದ್ದೂ ಅದೇ, ಬಹುಶಃ ನಮ್ಮ ಮೇಷ್ಟ್ರುಗಳು ಓದುವಾಗ ಬಿಡಿಸಿದ್ದೂ ಅದೇ. ಕಲಿಯೋಕೆ ಅವು ಬೇಕು, ಅದರಲ್ಲಿ ನಮ್ಮ ತಕರಾರಿಲ್ಲ. ಆದರೆ ಈ ಲೋಕದಲ್ಲಿ ಪ್ಲಮರ್ ಬ್ಲಾಕ್‌ನ ಡ್ರಾಯಿಂಗ್‌ಗೆ ಬರ ಬಂದಿಲ್ಲ. ಬರ ಇರೋದು ಹಳೇ ಕಾರಿನ ರಬ್ಬರ್ ಹೋಸ್‌ನ ಡ್ರಾಯಿಂಗ್‌ಗೆ.

ಕಳೆದ ರಜೆಯಲ್ಲಿ ನಾವು ನಾಲ್ಕು ಜನ ಅಂಥ ಒಂದು ಹೋಸ್ ಹುಡುಕಿ ಅಲೆದ್ವಿ. ನಮ್ಮ ರೂಮ್‌ಮೇಟ್ ಒಬ್ಬನ ಮನೆ ತಿಪಟೂರಿನ ಹತ್ತಿರ. ಮನೆಗೆಲ್ಲ ಇರೋದು ಒಂದೇ ಕಾರು, 2007ರ ಪೆಟ್ರೋಲ್ ಗಾಡಿ. ಅಜ್ಜಿಯನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ತುಮಕೂರಿಗೆ ಕರ್ಕೊಂಡು ಹೋಗೋದು ಅದರಲ್ಲೇ. 2022ರ ಏಪ್ರಿಲ್‌ನಲ್ಲಿ 15 ವರ್ಷ ದಾಟಿದ ಖಾಸಗಿ ಕಾರಿನ ರಿಜಿಸ್ಟ್ರೇಷನ್ ರಿನ್ಯೂವಲ್ ಫೀ 600 ರೂಪಾಯಿಯಿಂದ 5000ಕ್ಕೆ ಏರಿತಲ್ಲ, ಅದನ್ನೂ ಅವರಪ್ಪ ಕಟ್ಟಿದ್ದಾರೆ. ಎಂಜಿನ್ ಚೆನ್ನಾಗಿದೆ, ಬಾಡಿ ಚೆನ್ನಾಗಿದೆ. ಹಾಳಾಗಿದ್ದು ಏರ್ ಫಿಲ್ಟರ್ ಡಬ್ಬಿಯಿಂದ ಥ್ರಾಟಲ್ ಬಾಡಿವರೆಗೆ ಹೋಗುವ ಇನ್‌ಟೇಕ್ ಹೋಸ್ ಮಾತ್ರ. ಅದರ ಮಡಿಕೆಗಳ ಸಂದಿಯಲ್ಲಿ ಕೈಯುದ್ದ ಬಿರುಕು.

ಬರೀ ಗಾಳಿ ಹೋಗೋ ಪೈಪ್ ತಾನೆ ಅಂತ ಅನ್ನಿಸಬಹುದು. ಆ ಕಾರಿನಲ್ಲಿ ಫಿಲ್ಟರ್ ಆದ ತಕ್ಷಣ ಒಂದು ಏರ್ ಫ್ಲೋ ಸೆನ್ಸರ್ ಇದೆ. ಎಷ್ಟು ಗಾಳಿ ಒಳಗೆ ಹೋಯ್ತು ಅಂತ ಅದು ಲೆಕ್ಕ ಕೊಡುತ್ತೆ, ಇಸಿಯು ಆ ಲೆಕ್ಕ ನಂಬಿ ಪೆಟ್ರೋಲ್ ಬಿಡುತ್ತೆ. 14.7 ಪಾಲು ಗಾಳಿಗೆ 1 ಪಾಲು ಪೆಟ್ರೋಲ್, ತೂಕದಲ್ಲಿ. ಸೆನ್ಸರ್ ದಾಟಿದ ಮೇಲೆ ಬಿರುಕು ಬಿಟ್ಟರೆ ಲೆಕ್ಕಕ್ಕೆ ಸಿಗದ ಗಾಳಿ ಕಳ್ಳದಾರಿಯಲ್ಲಿ ನುಗ್ಗುತ್ತೆ. ಮಿಕ್ಸ್ಚರ್ ಲೀನ್ ಆಗುತ್ತೆ, ಐಡಲ್‌ನಲ್ಲಿ ಗಾಡಿ ನಡುಗುತ್ತೆ, ಸಿಗ್ನಲ್‌ನಲ್ಲಿ ಆಫ್ ಆಗುತ್ತೆ. ಸೆನ್ಸರ್ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿದ್ದು ಒತ್ತಡ ಅಳೆಯುವ ಗಾಡಿಗಳಲ್ಲಿ ಈ ತೊಂದರೆ ಅಷ್ಟಾಗಿ ಕಾಣಿಸಲ್ಲ. ಅದು ಇನ್ನೂ ಕೆಟ್ಟದ್ದು. ಫಿಲ್ಟರ್ ಆಗದ ಧೂಳು ಸದ್ದಿಲ್ಲದೆ ಒಳಗೆ ಹೋಗಿ ಪಿಸ್ಟನ್ ರಿಂಗ್ ತಿನ್ನುತ್ತಾ ಕೂತಿರುತ್ತೆ.

ಸರ್ವಿಸ್ ಸೆಂಟರ್‌ಗೆ ಹೋದ್ವಿ, ಯಾವುದು ಅಂತ ಬೇಡ. ಪಾರ್ಟ್ ನಂಬರ್ ಹಾಕಿದ್ರೆ ಸ್ಕ್ರೀನ್ ಮೇಲೆ ಸಪ್ಲೈ ನಿಂತಿದೆ ಅಂತ ಬಂತು. ಕೌಂಟರ್‌ನವರು ಬಹಳ ಪ್ರೀತಿಯಿಂದ ಎಕ್ಸ್‌ಚೇಂಜ್ ಆಫರ್‌ನ ಪ್ಯಾಂಪ್ಲೆಟ್ ಕೊಟ್ಟರು. ಒಂದು ಮೊಳದ ರಬ್ಬರ್ ಇಲ್ಲ ಅಂತ ಏಳೆಂಟು ಲಕ್ಷದ ಹೊಸ ಕಾರು ತಗೋಬೇಕಂತೆ!

ಬೆಂಗಳೂರಿಗೆ ಬಂದು ಜೆ.ಸಿ. ರೋಡ್ ಸುತ್ತಿದ್ವಿ, ಶಿವಾಜಿನಗರದ ಗುಜರಿ ಗಲ್ಲಿಗಳಲ್ಲೂ ಸುತ್ತಿದ್ವಿ. ಗುಜರಿಯಲ್ಲಿ ಅದೇ ಮಾಡೆಲ್‌ನ ಹೋಸ್ ಸಿಕ್ತು ಕೂಡ. ಆದರೆ ಬಗ್ಗಿಸಿ ನೋಡಿದರೆ ಅದೂ ಹಪ್ಪಳದ ಥರ. ಆಲ್ಟರ್ನೇಟರ್, ಬಾಗಿಲು, ಗೇರ್‌ಬಾಕ್ಸ್ ಆದರೆ ಗುಜರಿಯದು ನಡೆಯುತ್ತೆ. ರಬ್ಬರ್‌ಗೆ ಆ ಮಾತು ಅನ್ವಯಿಸಲ್ಲ. ಗಾಡಿ ಓಡದೆ ನಿಂತಿದ್ದರೂ ಅದಕ್ಕೆ ವಯಸ್ಸಾಗುತ್ತೆ. ಅಂಗಡಿಯ ಅಟ್ಟದಲ್ಲಿ ಹತ್ತು ವರ್ಷ ಮಲಗಿದ್ದ 'ಹೊಸ' ಹೋಸ್ ಸಿಕ್ಕರೂ ಬೆರಳಲ್ಲಿ ಒತ್ತಿ ನೋಡದೆ ದುಡ್ಡು ಕೊಡಬೇಡಿ.

ರೇಡಿಯೇಟರ್ ಹೋಸ್ ಕತ್ತರಿಸಿ ಹಾಕಿಬಿಡಿ ಅಂದವರೂ ಇದ್ದರು. ಫಸ್ಟ್ ಇಯರ್ ಕೆಮಿಸ್ಟ್ರಿಯ ಪಾಲಿಮರ್ ಚಾಪ್ಟರ್ ಕೆಲಸಕ್ಕೆ ಬಂದಿದ್ದು ಆಗಲೇ (ಹೌದು, ನಮಗೂ ಆಶ್ಚರ್ಯ). ರೇಡಿಯೇಟರ್ ಹೋಸ್ ಸಾಮಾನ್ಯವಾಗಿ ಇಪಿಡಿಎಂ ರಬ್ಬರ್‌ನದು. ಬಿಸಿಗೆ, ಓಝೋನ್‌ಗೆ ಅದು ಜಗ್ಗಲ್ಲ. ಎಣ್ಣೆ ತಾಗಿದರೆ ಮಾತ್ರ ಉಬ್ಬಿ ಮೆತ್ತಗಾಗುತ್ತೆ. ಇನ್‌ಟೇಕ್ ಹೋಸ್‌ಗೆ ಪಕ್ಕದಿಂದ ಕ್ರ್ಯಾಂಕ್‌ಕೇಸ್‌ನ ಪೈಪ್ ಒಂದು ಸೇರುತ್ತೆ, ಅದರಲ್ಲಿ ಬರೋದೇ ಎಣ್ಣೆಯ ಹಬೆ. ನೈಟ್ರೈಲ್ ರಬ್ಬರ್ ಇದರ ಉಲ್ಟಾ. ಎಣ್ಣೆ ತಡೆಯುತ್ತೆ, ಆದರೆ ಅದರ ಸರಪಳಿಯ ಡಬಲ್ ಬಾಂಡ್‌ಗಳನ್ನು ಓಝೋನ್ ಕಡಿಯುತ್ತೆ. ಸಿಲಿಕೋನ್ ಬಿಸಿಗೆ ಗಟ್ಟಿ, ಆದರೆ ಎಣ್ಣೆ ಹಬೆ ಬರುವ ಕಡೆ ಒಳಗೆ ಫ್ಲೋರೋಸಿಲಿಕೋನ್ ಪದರ ಇರೋದೇ ಬೇಕು. ಇನ್ನು ನಮ್ಮಲ್ಲೇ ಒಬ್ಬ '3ಡಿ ಪ್ರಿಂಟ್ ಮಾಡೋಣ' ಅಂದ. ಲ್ಯಾಬ್‌ನಲ್ಲಿರೋ ಪಿಎಲ್‌ಎ 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತೆ. ಬಾನೆಟ್ ಒಳಗೆ ಅದರ ಗತಿ ಏನು ಹೇಳಿ. ಆ ಮಡಿಕೆಗಳೂ ಶೋಕಿಗೆ ಇರೋದಲ್ಲ. ಎಂಜಿನ್ ಮೌಂಟ್‌ಗಳ ಮೇಲೆ ಅಲ್ಲಾಡುತ್ತೆ, ಫಿಲ್ಟರ್ ಡಬ್ಬಿ ಬಾಡಿಗೆ ಅಂಟಿಕೊಂಡಿರುತ್ತೆ, ಆ ಜಗ್ಗಾಟವನ್ನು ನುಂಗೋದು ಮಡಿಕೆಗಳೇ. ನೆಟ್ಟಗಿನ ಗಟ್ಟಿ ಪೈಪ್ ಹಾಕಿದರೆ ಇನ್ನೆಲ್ಲೋ ಒಡೆಯುತ್ತೆ.

ಕೊನೆಗೆ ಪದರ ಇರುವ ಎರಡು ಸಿಲಿಕೋನ್ ತುಂಡು, ನಡುವೆ ಅಲ್ಯೂಮಿನಿಯಂ ಜಾಯಿನರ್, ಅದಕ್ಕೆ ಬೆಸುಗೆ ಹಾಕಿಸಿದ ಎರಡು ನಿಪ್ಪಲ್, ನಾಲ್ಕು ಕ್ಲಾಂಪ್. ಗಾಡಿ ಓಡ್ತಿದೆ, ಅಜ್ಜಿ ತುಮಕೂರಿಗೆ ಹೋಗ್ತಿದ್ದಾರೆ. ಆದರೂ ಇದು ಜುಗಾಡ್. ನಾಲ್ಕು ಇಂಜಿನಿಯರಿಂಗ್ ಸ್ಟೂಡೆಂಟ್ಸ್ ರಜೆ ಖರ್ಚು ಮಾಡಿದರೆ ಮಾತ್ರ ಸಿಗುವ ಪರಿಹಾರವನ್ನು ಪರಿಹಾರ ಅನ್ನೋಕಾಗಲ್ಲ.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ತೆರೆಯಿತು. ಅದರ ನಾಲ್ಕು ಕ್ಷೇತ್ರಗಳಲ್ಲಿ ಆಟೊಮೊಬೈಲ್ ಕೂಡ ಒಂದು. ಒಳ್ಳೇದೇ. ಆದರೆ ತಯಾರಿಕೆಯೇ ನಿಂತ ಪಾರ್ಟ್‌ಗೆ ಮ್ಯಾನ್ಯುಯಲ್ ಇಟ್ಕೊಂಡು ಏನು ಮಾಡೋದು? ಪೋರ್ಶೆ ಕಂಪನಿ 2018ರಲ್ಲಿ ತನ್ನ ಹಳೇ 959 ಕಾರಿನ ಕ್ಲಚ್ ಲಿವರನ್ನು 3ಡಿ ಪ್ರಿಂಟ್ ಮಾಡಿ ಕೊಡೋಕೆ ಶುರು ಮಾಡಿತು. ಟೊಯೋಟಾ ಕೂಡ ತನ್ನ ಹಳೇ ಸುಪ್ರಾಗೆ ಪಾರ್ಟ್‌ಗಳನ್ನು ಮತ್ತೆ ತಯಾರಿಸಿತು. ಅಂದರೆ ಮನಸ್ಸಿದ್ದರೆ ಆಗುತ್ತೆ. ತಿಪಟೂರಿನ ಸಣ್ಣ ಕಾರಿಗೆ ಮಾತ್ರ ಯಾರೂ ಹೆರಿಟೇಜ್ ಅನ್ನಲ್ಲ. ಪಾರ್ಟ್ ಮಾಡೋದು ನಿಲ್ಲಿಸೋ ದಿನ ಅದರ ಡ್ರಾಯಿಂಗ್ ಬಿಟ್ಟುಕೊಡಿ ಅಂತ ಕಂಪನಿಗಳನ್ನು ಕೇಳೋ ಹಕ್ಕು ನಮಗಿರಬೇಕು ಅನ್ನೋದು ನಮ್ಮ ಅಭಿಪ್ರಾಯ.

ಅವರು ಕೊಡೋವರೆಗೆ ಕಾಯಬೇಕಾಗಿಲ್ಲ. ನಮ್ಮ ದೇಶದ 2000ದ ಡಿಸೈನ್ಸ್ ಆಕ್ಟ್ ಪ್ರಕಾರ ಡಿಸೈನ್ ರಿಜಿಸ್ಟ್ರೇಷನ್ ಮೊದಲು 10 ವರ್ಷ, ಆಮೇಲೆ 5 ವರ್ಷ, ಅಷ್ಟೇ. 2007ರ ಹೋಸ್‌ನ ಆಕಾರಕ್ಕೆ ರಿಜಿಸ್ಟ್ರೇಷನ್ ಇದ್ದಿದ್ದರೂ ಈಗ ಮುಗಿದಿದೆ. ಪೀಣ್ಯದಲ್ಲಿ ರಬ್ಬರ್ ಮೋಲ್ಡಿಂಗ್ ಮಾಡುವ ಸಣ್ಣ ಕಾರ್ಖಾನೆಗಳಿವೆ. ಒಂದೇ ಪೀಸ್‌ಗೆ ಮೋಲ್ಡ್ ಮಾಡಿ ಅಂದ್ರೆ ಯಾರೂ ಒಪ್ಪಲ್ಲ, ಸರಿಯಾದ ಡ್ರಾಯಿಂಗ್ ಹಿಡ್ಕೊಂಡು ಐವತ್ತು ಪೀಸ್ ಅಂದ್ರೆ ಮಾತಾಡ್ತಾರೆ. ಆ ಡ್ರಾಯಿಂಗನ್ನೇ ನಾವು ಮಾಡಬಹುದು. ನಮ್ಮ ಹತ್ತಿರ ವರ್ನಿಯರ್ ಇದೆ, ಕ್ಯಾಡ್ ಲ್ಯಾಬ್ ಇದೆ, ಪ್ರತಿ ವರ್ಷ ಅದೇ ಅಸೈನ್‌ಮೆಂಟ್ ಕಾಪಿ ಹೊಡೆಯುವ ಅರವತ್ತು ಜನರ ಬ್ಯಾಚ್ ಇದೆ. ಒಬ್ಬೊಬ್ಬರು ಒಂದೊಂದು ನಿಂತುಹೋದ ಪಾರ್ಟ್ ತಂದು ಅಳೆದು ಬಿಡಿಸಿದರೆ ಕಾಪಿ ಹೊಡೆಯೋಕೂ ಆಗಲ್ಲ!

ಬಿಡಿಸುವವರಿಗೆ ಒಂದು ಮಾತು: ಎರಡು ತುದಿಯ ಒಳ ವ್ಯಾಸ ಒಂದೇ ಅಂದ್ಕೋಬೇಡಿ. ನಮ್ಮದರಲ್ಲಿ ಒಂದು ಕಡೆ 62 ಮಿ.ಮೀ., ಇನ್ನೊಂದು ಕಡೆ 57. ಗೋಡೆಯ ದಪ್ಪ, ಬಾಗಿದ ಕೋನ, ನಿಪ್ಪಲ್‌ಗಳು ಯಾವ ದಿಕ್ಕಿಗೆ ತಿರುಗಿವೆ ಅನ್ನೋದು, ಇಷ್ಟೂ ಬೇಕು. ಒಡೆದ ಹಳೇ ಹೋಸನ್ನು ನಾವು ಎಸೆದಿಲ್ಲ, ಹಾಸ್ಟೆಲ್ ರೂಮಿನ ಅಲ್ಮೇರಾ ಮೇಲಿದೆ. ಮುಂದಿನ ಸೆಮಿಸ್ಟರ್‌ನ ಮೊದಲ ಶೀಟ್‌ಗೆ ಅದನ್ನೇ ಕೊಡಿ ಅಂತ ಡಿಪಾರ್ಟ್‌ಮೆಂಟ್‌ಗೆ ಅರ್ಜಿ ಬರೆದಿದ್ದೀವಿ. ಸೈನ್ ಹಾಕುವವರು ಬನ್ನಿ.