ಕವಳಿಯ ಮುಳ್ಳು, ಕವಳಿಯ ಮದ್ದು

ವೈಶಾಖ ಬಂದಿತೆಂದರೆ ಮುಂಬಯಿಯ ರೈಲುನಿಲ್ದಾಣಗಳ ಹೊರಗೆ ಸಹ್ಯಾದ್ರಿಯ ಗಿರಿಜನ ಸ್ತ್ರೀಯರು ಎಲೆಯ ದೊನ್ನೆಗಳಲ್ಲಿ ಕಪ್ಪು ಹಣ್ಣುಗಳನ್ನಿಟ್ಟುಕೊಂಡು ಕುಳಿತಿರುತ್ತಾರೆ. ಮರಾಠಿಯಲ್ಲಿ ಅದು ‘ಕರವಂದ’. ಮಾರುವವರ ಮುದ್ದಿನ ಮಾತಿನಲ್ಲಿ ‘ಡೋಂಗರಚೀ ಕಾಳೀ ಮೈನಾ’. ಮಲೆನಾಡಿಗರಾದ ನಮಗೆ ಅದೇ ಕವಳಿ, ಕರಾವಳಿಯವರಿಗೆ ಕರಂಡೆ, ಸಂಸ್ಕೃತದಲ್ಲಿ ಕರಮರ್ದ. ಲಿನೀಯಸನು 1767ರಲ್ಲಿ ಬಳಸಿದ ಹೆಸರೂ ‘ಕರಂಡಾಸ್’. ನಮ್ಮ ವಿದ್ಯಾರ್ಥಿಗಳಿಗೆ ಮರಾಠಿಯ ಹೆಸರೊಂದೇ ಗೊತ್ತು. ಬೇಕರಿಯ ಬನ್ನಿನ ಮೇಲಣ ಕೆಂಪು ‘ಚೆರ್ರಿ’ ಎಷ್ಟೋ ವೇಳೆ ಬಣ್ಣ ಕಟ್ಟಿ ಸಕ್ಕರೆಯಲ್ಲಿ ಅದ್ದಿದ ಇದೇ ಕಾಯಿ ಎಂದರೆ ಅವರು ನಂಬುವುದೇ ಇಲ್ಲ!

ಕಾಯಿ ಹುಳಿ, ಒಗರು. ಮುರಿದರೆ ಹಾಲಿನಂಥ ಅಂಟು. ಮುಳ್ಳಿನಿಂದಾಗಿ ಬೇಲಿಗೂ ಸಲ್ಲುವುದು. ಹಿರಿಯರು ಹಣ್ಣನ್ನು ಪಿತ್ತಕ್ಕೂ ಅರುಚಿಗೂ, ಎಲೆಯ ಕಷಾಯವನ್ನು ಜ್ವರಕ್ಕೂ, ಬೇರನ್ನು ಜಂತುಹುಳುವಿಗೂ ತುರಿಗೂ ಬಳಸಿದರು.

ಅಜ್ಜಿಯ ಮದ್ದೆಂದು ನಗುವವರನ್ನೂ, ಅಜ್ಜಿಯ ಮದ್ದೆಂದೇ ಕಣ್ಣುಮುಚ್ಚಿ ನುಂಗುವವರನ್ನೂ ನಾವು ಒಪ್ಪಲಾರೆವು. ಹಣ್ಣು ಆಹಾರ, ಅದರಲ್ಲಿ ಸಿ ಜೀವಸತ್ವವೂ ಕಬ್ಬಿಣವೂ ಇವೆ. ಬೇರಿನ ಮಾತೇ ಬೇರೆ. ಕವಳಿಯು ಕಣಗಿಲೆಯ ಕುಟುಂಬದ್ದು. ಹೃದಯದ ಬಡಿತವನ್ನೇ ಬದಲಿಸಬಲ್ಲ ದ್ರವ್ಯಗಳು ಅದರ ಬೇರಿನಲ್ಲಿ ದೊರೆತಿವೆ. ನಾಟಿವೈದ್ಯೆಗೆ ಪ್ರಮಾಣ ಗೊತ್ತಿದ್ದಿರಬಹುದು. ಅದು ಬರಹಕ್ಕೆ ಇಳಿಯದೆ ಅವಳೊಂದಿಗೇ ಹೋಯಿತು, ಬೇರಿನ ಹೆಸರು ಮಾತ್ರ ಬಾಯಿಂದ ಬಾಯಿಗೆ ಉಳಿಯಿತು. ಅಪಾಯವಿರುವುದು ಇಲ್ಲಿಯೇ. ರಜೆಯಲ್ಲಿ ಊರಿಗೆ ಹೋಗುವ ವಿದ್ಯಾರ್ಥಿಗಳು ಯಾವ ಭಾಗ, ಎಷ್ಟು, ಯಾರಿಗೆ ಕೂಡದು ಎಂಬುದನ್ನು ಮನೆಯ ಹಿರಿಯರಲ್ಲಿ ಕೇಳಿ, ಕನ್ನಡದಲ್ಲಿಯೇ ಬರೆದು ತರಲಿ. ಬೇರನ್ನು ತರುವುದು ಬೇಡ; ಉಪ್ಪಿನಕಾಯಿಗೆ ನಮ್ಮ ಅಡ್ಡಿಯಿಲ್ಲ.