ಸತ್ತವರ ಜೇಬಿಗೆ ಕೈ ಹಾಕಿದವರು ಯಾರು?

ರೂಪರ್ಟ್ ಮರ್ಡಾಕ್ 2023ರ ನವೆಂಬರಿನಲ್ಲಿ ಫಾಕ್ಸ್ ಮತ್ತು ನ್ಯೂಸ್ ಕಾರ್ಪ್ ಕಂಪನಿಗಳ ಗಾದಿ ಇಳಿದಾಗ ಅವರಿಗೆ 92 ವರ್ಷ. ಗಾದಿ ಮಗ ಲಾಕ್ಲನ್‌ಗೆ ಹೋಯಿತು. ಹೊಗಳುಭಟರು ಸಾಹಸಿ ಅಂದರು, ದ್ರಷ್ಟಾರ ಅಂದರು. ಹಾಗಾದರೆ ಲೆಕ್ಕದ ಪುಸ್ತಕ ತೆಗೆಯೋಣ.

1952ರಲ್ಲಿ ಅಪ್ಪ ತೀರಿಕೊಂಡಾಗ ಈ ಮನುಷ್ಯನ ಕೈಗೆ ಬಂದದ್ದು ಆಸ್ಟ್ರೇಲಿಯಾದ ಅಡಿಲೇಡಿನ 'ನ್ಯೂಸ್' ಪತ್ರಿಕೆ. ಅಲ್ಲಿಂದ ಹೊರಟು 1969ರಲ್ಲಿ ಲಂಡನ್ನಿನ 'ಸನ್' ಕೊಂಡರು, 1981ರಲ್ಲಿ 'ಟೈಮ್ಸ್' ಕೊಂಡರು. ಅಮೆರಿಕದಲ್ಲಿ ಟಿವಿ ಕೇಂದ್ರ ಕೊಳ್ಳಲು ಪರದೇಶಿಗೆ ಕಾನೂನು ಅಡ್ಡ ಬಂತು. 1985ರಲ್ಲಿ ದೇಶವನ್ನೇ ಬದಲಾಯಿಸಿ ಅಮೆರಿಕದ ಪ್ರಜೆಯಾದರು. ದೇಶಪ್ರೇಮದ ಪಾಠವೆಲ್ಲ ಬಡವರ ಮಕ್ಕಳಿಗೆ. ಬಂಡವಾಳಕ್ಕೆ ಎಲ್ಲಿಯ ತಾಯ್ನಾಡು?

1986ರ ಜನವರಿಯಲ್ಲಿ ಲಂಡನ್ನಿನ ಮುದ್ರಣ ಕಾರ್ಮಿಕರು ಮುಷ್ಕರ ಹೂಡಿದರು. ಹೂಡಿದ ಕೂಡಲೇ ಸುಮಾರು 5,500 ಮಂದಿಯನ್ನು ಮನೆಗೆ ಕಳಿಸಲಾಯಿತು. ಆ ಹೊತ್ತಿಗಾಗಲೇ ವ್ಯಾಪಿಂಗ್ ಎಂಬಲ್ಲಿ ಹೊಸ ಮುದ್ರಣಾಲಯ ಗುಟ್ಟಾಗಿ ಸಿದ್ಧವಾಗಿತ್ತು. ಬೇಲಿಯ ಹೊರಗೆ ಕಾರ್ಮಿಕರು, ಒಳಗೆ ಕಂಪ್ಯೂಟರು, ನಡುವೆ ಕುದುರೆ ಏರಿದ ಪೊಲೀಸರು. ಒಂದು ವರ್ಷ ದಾಟಿ ನಡೆದ ಹೋರಾಟ 1987ರ ಫೆಬ್ರವರಿಯಲ್ಲಿ ಸೋತಿತು. "ಹಳೇ ಯಂತ್ರ ಹಿಡ್ಕೊಂಡು ಕೂತ್ರೆ ಪತ್ರಿಕೆ ಉಳಿಯುತ್ತಾ?" ಅಂತ ಕೇಳೋರಿದ್ದಾರೆ. ಯಂತ್ರ ಬರಲಿ ಸ್ವಾಮಿ, ನಾವು ಯಂತ್ರದ ವೈರಿಗಳಲ್ಲ. ಯಂತ್ರ ಉಳಿಸಿಕೊಟ್ಟ ದುಡ್ಡು ಯಾರ ಪೆಟ್ಟಿಗೆ ಸೇರಿತು, ಅಷ್ಟು ಹೇಳಿ ಸಾಕು.

ಇನ್ನೊಂದು ಸಮರ್ಥನೆ ಇದೆ: ಜನ ಕೇಳಿದ್ದನ್ನೇ ಆತ ಕೊಟ್ಟ. ಇದು ಹಸೀ ಸುಳ್ಳು. ಸಾಕ್ಷಿ ಲಿವರ್‌ಪೂಲ್.

1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದಲ್ಲಿ ಫುಟ್‌ಬಾಲ್ ನೋಡಲು ಹೋಗಿದ್ದ ಲಿವರ್‌ಪೂಲಿನ ಜನ ಕಬ್ಬಿಣದ ಬೇಲಿಗೆ ಒತ್ತಿಕೊಂಡು ಉಸಿರು ಕಟ್ಟಿ ಸತ್ತರು. ಒಟ್ಟು 97 ಜೀವ. ಕೊನೆಯವರು ಹೋದದ್ದು 2021ರಲ್ಲಿ. ದುರಂತದ ನಾಲ್ಕನೇ ದಿನ 'ಸನ್' ಮುಖಪುಟದಲ್ಲಿ 'ಸತ್ಯ' ಎಂದು ದಪ್ಪಕ್ಷರ ಹಾಕಿ, ಆ ಊರಿನವರೇ ಸತ್ತೋರ ಜೇಬು ಕತ್ತರಿಸಿದರು, ಪೊಲೀಸರ ಮೇಲೆ ಉಚ್ಚೆ ಹೊಯ್ದರು ಅಂತ ಬರೆಯಿತು. ಸುದ್ದಿಯ ಬೇರು ಪೊಲೀಸರ ಬಾಯಲ್ಲಿತ್ತು. ಬಡವರು ಸತ್ತಾಗ ಠಾಣೆಯ ಮಾತೇ ಮೊದಲು ಅಚ್ಚಾಗೋದು ನಮಗೇನು ಹೊಸದೇ?

ಮರ್ಡಾಕ್ ತಾವೇ ಕೂತು ಅದನ್ನು ಬರೆಯಲಿಲ್ಲ, ನಿಜ. ಆದರೆ ಬರೆಸಿದ ಸಂಪಾದಕ 1994ರವರೆಗೂ ಅದೇ ಕುರ್ಚಿಯಲ್ಲಿದ್ದರು. ಸ್ವತಂತ್ರ ಸಮಿತಿಯ ವರದಿ ಬಂದ ಮೇಲೆ, 2012ರಲ್ಲಿ, ಪತ್ರಿಕೆ ಮುಖಪುಟದಲ್ಲಿ ಕ್ಷಮೆ ಕೇಳಿತು. ಇದು ಕಾನೂನುಬಾಹಿರ ಸಾವು ಎಂದು, ಪ್ರೇಕ್ಷಕರದೇನೂ ತಪ್ಪಿಲ್ಲ ಎಂದು 2016ರಲ್ಲಿ ಜ್ಯೂರಿ ಹೇಳಿತು.

ಅಷ್ಟು ಕಾಲ ಆ ಊರಿನವರು ಕೈಕಟ್ಟಿ ಕೂರಲಿಲ್ಲ. 'ಸನ್' ಕೊಳ್ಳೋದು ಬಿಟ್ಟರು. ಪ್ರತಿಗಳನ್ನು ಬೀದಿಯಲ್ಲಿ ಸುಟ್ಟರು. ಅಂಗಡಿಯವರು ಮಾರಲ್ಲ ಅಂದರು. ಅಪ್ಪ ಬಿಟ್ಟದ್ದನ್ನು ಮಗ ಮುಟ್ಟಲಿಲ್ಲ. ಆ ಬಹಿಷ್ಕಾರ ಮೂವತ್ತು ವರ್ಷ ದಾಟಿದರೂ ಮುಗಿದಿಲ್ಲ. ಜನ ಕೇಳಿದ್ದು ಆ ಸುಳ್ಳನ್ನಲ್ಲ ಅನ್ನೋದಕ್ಕೆ ಇನ್ಯಾವ ಪುರಾವೆ ಬೇಕು?

ಹಾಗಾದರೆ ಸತ್ತವರ ಜೇಬಿಗೆ ಕೈ ಹಾಕಿದವರು ಯಾರು? ಕೊಲೆಯಾದ 13 ವರ್ಷದ ಶಾಲಾ ಹುಡುಗಿಯ ಫೋನಿಗೆ ಬಂದ ಸಂದೇಶಗಳನ್ನು ಕದ್ದು ಕೇಳಿದ್ದು ಇದೇ ಧಣಿಯ 'ನ್ಯೂಸ್ ಆಫ್ ದಿ ವರ್ಲ್ಡ್'. 2011ರಲ್ಲಿ ಅದು ಬಯಲಾಗಿ 168 ವರ್ಷದ ಪತ್ರಿಕೆಯನ್ನು ಮುಚ್ಚಿದರು. ಅಮೆರಿಕದಲ್ಲಿ 2020ರ ಚುನಾವಣೆಯ ಬಗ್ಗೆ ಫಾಕ್ಸ್ ಸುಳ್ಳು ಹರಡಿತು. ನಮ್ಮ ಕೆಲವು ನಿರೂಪಕರು ಅದನ್ನು ಎತ್ತಿಹಿಡಿದರು ಎಂದು ಮರ್ಡಾಕ್ ಪ್ರಮಾಣ ಮಾಡಿಯೇ ಒಪ್ಪಿದರು. 2023ರ ಏಪ್ರಿಲಿನಲ್ಲಿ ಡೊಮಿನಿಯನ್ ಎಂಬ ಮತಯಂತ್ರ ಕಂಪನಿಗೆ 78.75 ಕೋಟಿ ಡಾಲರ್ ಕಟ್ಟಿ ಕೇಸು ಮುಗಿಸಿಕೊಂಡರು. ಸುಳ್ಳಿಗೂ ಒಂದು ಖರ್ಚಿನ ಬಾಬ್ತು!

ಇದೆಲ್ಲ ದೂರದ ಮಾತು ಅಂದುಕೋಬೇಡಿ. 1993ರಲ್ಲಿ ಸ್ಟಾರ್ ಟಿವಿ ಕೊಂಡ ಮರ್ಡಾಕ್, 2008ರ ಒಪ್ಪಂದದ ಮೂಲಕ ನಮ್ಮ ಸುವರ್ಣ ವಾಹಿನಿಗೂ ಕೈ ಚಾಚಿದರು. 2019ರಲ್ಲಿ ಸ್ಟಾರ್ ಡಿಸ್ನಿಗೆ ಹೋಯಿತು. 2024ರಲ್ಲಿ ರಿಲಯನ್ಸ್ ಜೊತೆಗಿನ ಕೂಟಕ್ಕೆ ಸೇರಿತು. ಸಂತೆಯಲ್ಲಿ ದನ ಕೈ ಬದಲಾಯಿಸಿದ ಹಾಗೆ. ನೋಡುವ ನಮ್ಮನ್ನು ಯಾರಾದರೂ ಒಂದು ಮಾತು ಕೇಳಿದರೇ?

2025ರಲ್ಲಿ ಮಕ್ಕಳ ಆಸ್ತಿ ಜಗಳವೂ ತೀರಿತು. ಮೂವರಿಗೆ ತಲಾ ನೂರು ಕೋಟಿ ಡಾಲರಿಗೂ ಮಿಕ್ಕಿ ಹಣ, ಲಾಕ್ಲನ್‌ಗೆ ಯಜಮಾನಿಕೆ. ಗೌಡಿಕೆ ಮಗನಿಗೇ ಅನ್ನೋದು ನಮ್ಮೂರಿನದೊಂದೇ ಪದ್ಧತಿಯಲ್ಲ, ನೋಡಿ.

ಗೆಳೆಯರೇ, ಮೇಷ್ಟ್ರೇ, ನಮಗೆ ಲಿವರ್‌ಪೂಲಿನ ಪಾಠ ಬೇಕು. ನಮ್ಮ ಜನರ ಮೇಲೆ ಸುಳ್ಳು ಬರೆದ ಪತ್ರಿಕೆಯನ್ನು ನಾವು ಕಾಸು ಕೊಟ್ಟು ಸಾಕಬೇಕಿಲ್ಲ. ಕೊಳ್ಳಲ್ಲ ಅನ್ನೋಣ. ಶಾಲೆಯಲ್ಲಿ, ಕೇರಿಯಲ್ಲಿ ಸುದ್ದಿಯನ್ನು ಜೋರಾಗಿ ಓದಿ, ಇದನ್ನು ಹೇಳಿದವರು ಯಾರು, ಇದರ ಧಣಿ ಯಾರು ಎಂದು ಮಕ್ಕಳಿಂದ ಕೇಳಿಸೋಣ.