ಕೊನೆ ದಿನಕ್ಕೆ ಪ್ಲಾನ್ ಹಾಕ್ಬೇಡಿ

(1/5)

ಫೋಟೋ ನೋಡಿ "ಮಂಗಳೂರಿಗೆ ಹೋಗಿ ಇಷ್ಟೇನಾ?" ಅಂತ ಕೇಳೋರಿಗೆ ಮೊದಲೇ ಹೇಳ್ಬಿಡ್ತೀನಿ. ಹೌದು, ಇಷ್ಟೇ. ಟ್ರಿಪ್‌ನ ಕೊನೆ ದಿನ ನಾನು ತೆಗೆದಿದ್ದು ನಾಲ್ಕೇ ಫೋಟೋ. ಸರಕು ತುಂಬ್ತಿದ್ದ ಒಂದು ಮಂಜಿ, ಕರಿಕಲ್ಲಿನ ಒಂದು ಬುರುಜು, ನದಿ ದಾಟಿಸೋ ದೋಣಿ, ಆಮೇಲೆ ಒಂದು ತಟ್ಟೆ ಬಂಗುಡೆ ಫ್ರೈ. ಸ್ವೈಪ್ ಮಾಡಿ, ನಾಲ್ಕೂ ಇವೆ. ಬಂಗುಡೆ ಫೋಟೋ ಯಾಕೆ ಮುಖ್ಯ ಅಂತ ನಾಲ್ಕನೇ ಭಾಗದಲ್ಲಿ ಹೇಳ್ತೀನಿ.

ನನ್ನ ಅಭಿಪ್ರಾಯ ಒಂದೇ ಸಾಲು: ಫ್ರೆಂಡ್ಸ್ ಜೊತೆ ಟ್ರಿಪ್ ಹೋದ್ರೆ ಕೊನೆ ದಿನ ಖಾಲಿ ಇಡಿ. ಗಾಡಿ ಬುಕ್ ಮಾಡ್ಬೇಡಿ, ಲಿಸ್ಟ್ ಮಾಡ್ಬೇಡಿ, ದುಡ್ಡು ಕಲೆಕ್ಟ್ ಮಾಡ್ಬೇಡಿ.

ಇದನ್ನ ಹೇಳ್ತಿರೋಳು ಯಾರು ಗೊತ್ತಾ? ಮೂರೂ ದಿನಕ್ಕೆ ಎಕ್ಸೆಲ್ ಶೀಟ್ ಮಾಡಿದ್ದೋಳು. ಬಣ್ಣ ಬಣ್ಣದ ಸೆಲ್, ಒಂದೊಂದು ಸ್ಪಾಟ್‌ಗೆ 40 ನಿಮಿಷ. ಟ್ರಿಪ್‌ನ ಖಜಾಂಚಿನೂ ನಾನೇ. "ಇನ್ನೂ ಇಬ್ಬರದು ಬಾಕಿ ಇದೆ" ಅಂತ ಹೆಸರು ಹಾಕಿ ಗ್ರೂಪಲ್ಲಿ ಮೆಸೇಜ್ ಮಾಡಿದ್ದೂ ನಾನೇ. ಆ ಮೆಸೇಜನ್ನ ಈಗ ನೆನೆಸ್ಕೊಂಡ್ರೆ ನಾಚಿಕೆ ಆಗತ್ತೆ.

(2/5)

ನಾವು ಹನ್ನೊಂದು ಜನ. ಮೊದಲ ದಿನ ಉಡುಪಿ, ಮಲ್ಪೆ. ಎರಡನೇ ದಿನ ಕಾರ್ಕಳ, ಮೂಡುಬಿದಿರೆ. ಮೂರನೇ ದಿನ ಮಂಗಳೂರು, ರಾತ್ರಿ ಬೆಂಗಳೂರಿಗೆ ಬಸ್ಸು. ಆ ಮೂರನೇ ದಿನಕ್ಕೆ ನಾನು ಎಂಟು ಸ್ಪಾಟ್ ತುಂಬಿದ್ದೆ. ಕದ್ರಿ, ಕುದ್ರೋಳಿ, ಮಂಗಳಾದೇವಿ, ಪಿಲಿಕುಳ, ಪಣಂಬೂರು, ಸೋಮೇಶ್ವರ, ಚಾಪೆಲ್, ಒಂದು ಮಾಲ್. ಟೆಂಪೋ ಟ್ರಾವೆಲರ್‌ಗೆ 4,950 ರೂಪಾಯಿ, ತಲಾ 450.

ಬೆಳಿಗ್ಗೆ ಲಾಡ್ಜ್ ಬಾಗಿಲಲ್ಲಿ ಕ್ಯೂಆರ್ ಕೋಡ್ ಹಿಡ್ಕೊಂಡು ನಿಂತಿದ್ದೆ. ನನ್ನ ರೂಮಲ್ಲಿದ್ದ ಫ್ರೆಂಡ್ ಬಂದು "ತಲೆನೋವು ಕಣೇ, ನೀವು ಹೋಗಿ ಬನ್ನಿ" ಅಂದಳು. ಇನ್ನಿಬ್ಬರಿಗೆ ನಿದ್ದೆ ಸಾಲದು, ಅವರೂ ಉಳ್ಕೊಂಡ್ರು. ಅವಳನ್ನ ಬಿಟ್ಟು ಹೋಗೋಕೆ ಮನಸ್ಸು ಬರಲಿಲ್ಲ ಅಂತ ನಾನೂ ಉಳಿದೆ. ನಿಜ ಹೇಳ್ಬೇಕಂದ್ರೆ, ಗೊಣಗ್ಕೊಂಡೇ ಉಳಿದೆ.

ಇಲ್ಲೇ ಬಿಕಾಂ ಲೆಕ್ಕ ಶುರುವಾಗೋದು. ಗಾಡಿ ಬಾಡಿಗೆ ಫಿಕ್ಸೆಡ್ ಕಾಸ್ಟ್. ನಾಲ್ಕು ಜನ ಬಿಟ್ರೂ 4,950 ಹಾಗೇ ಇರತ್ತೆ. ಉಳಿದ ಏಳು ಜನಕ್ಕೆ ತಲಾ 707 ಆಯ್ತು. ಮುಖ ಊದಿಸ್ಕೊಂಡೇ ಹೋದ್ರು. ತಪ್ಪು ಅವರದಲ್ಲ. ಆದ್ರೆ ಗಮನಿಸಿ: ಗುಂಪಲ್ಲಿ ಒಬ್ಬರು "ನಾನು ಬರಲ್ಲ" ಅಂದ್ರೆ ಉಳಿದವರ ಜೇಬಿಗೆ ಕತ್ತರಿ ಬೀಳತ್ತೆ. ಅದಕ್ಕೇ ಯಾರೂ ಬಾಯಿ ಬಿಟ್ಟು ಬೇಡ ಅನ್ನಲ್ಲ. ತಲೆನೋವು ಅಂತಾರೆ.

(3/5)

ಸರಿ, ನಾವು ನಾಲ್ಕು ಜನ ಏನು ಮಾಡಿದ್ವಿ? ತಡವಾಗಿ ಎದ್ದಿದ್ದೋರು ತಡವಾಗಿಯೇ ಗೋಳಿಬಜೆ ತಿಂದ್ವಿ. ಬಾವುಟಗುಡ್ಡೆ ಹತ್ತಿ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋದ್ವಿ. ಗೋಡೆ, ಕಮಾನು, ಚಾವಣಿ, ಎಲ್ಲೆಲ್ಲೂ ಚಿತ್ರ. ಆಂಟೋನಿಯೋ ಮೊಸ್ಕೆನಿ ಅನ್ನೋ ಇಟಲಿಯ ಜೆಸ್ಯೂಟ್ ಬ್ರದರ್ 1899ರಲ್ಲಿ ಶುರು ಮಾಡಿ ಬಿಡಿಸಿದ್ದು. ನನ್ನ ಶೀಟಲ್ಲಿ ಇದಕ್ಕೆ ಕೊಟ್ಟಿದ್ದು 40 ನಿಮಿಷ, ಅದರಲ್ಲಿ 15 ಫೋಟೋಗೆ. ಅವತ್ತು ಫೋನ್ ಬ್ಯಾಗಲ್ಲಿ ಹಾಕಿ ಬೆಂಚ್ ಮೇಲೆ ಕೂತು ಕತ್ತೆತ್ತಿ ನೋಡಿದ್ವಿ, ಕತ್ತು ನೋಯೋವರೆಗೂ.

ಅಲ್ಲಿಂದ ಇಳಿದು ಹಂಪನಕಟ್ಟೆ, ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್ ದಾಟಿ ನಡ್ಕೊಂಡೇ ಬಂದರ್‌ಗೆ. ದೊಡ್ಡ ಹಡಗು ಬರೋ ಪಣಂಬೂರಿನ ನವಮಂಗಳೂರು ಬಂದರು ಬೇರೆ, ಅದು 1974ರಲ್ಲಿ ದೇಶದ ಒಂಬತ್ತನೇ ದೊಡ್ಡ ಬಂದರು ಆಯ್ತು. ಇದು ಹಳೇ ಬಂದರು. ಇಲ್ಲಿಂದ ಲಕ್ಷದ್ವೀಪಕ್ಕೆ ಮಂಜಿಗಳಲ್ಲಿ ತರಕಾರಿ, ದಿನಸಿ, ಮನೆ ಕಟ್ಟೋ ಸಾಮಾನು ಹೋಗತ್ತೆ. ಅಕೌಂಟ್ಸ್ ಪುಸ್ತಕದಲ್ಲಿ "ಕ್ಯಾರೇಜ್ ಔಟ್‌ವರ್ಡ್" ಅಂತ ಎಷ್ಟು ಸಲ ಬರೆದಿಲ್ಲ ನಾವು? ಅದು ಮೂಟೆ ಹೊತ್ತ ಒಂದು ಹೆಗಲು ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಮಧ್ಯಾಹ್ನ ಸಿಟಿ ಬಸ್ಸಲ್ಲಿ ಸುಲ್ತಾನ್ ಬತ್ತೇರಿ. ಟಿಪ್ಪು 1784ರಲ್ಲಿ ಗುರುಪುರ ನದಿ ದಡದಲ್ಲಿ ಕಟ್ಟಿಸಿದ ಕಾವಲು ಬುರುಜು. ಯುದ್ಧದ ಹಡಗು ನದಿ ಒಳಗೆ ಬರಬಾರದು ಅಂತ ಕಟ್ಟಿಸಿದ್ದು. ಹಲಸೂರಿನ ಹುಡುಗಿಯಾಗಿ ನನಗೆ ತಮಾಷೆ ಅನ್ನಿಸ್ತು. ಯಾರು ಬರ್ತಾರೆ ಅಂತ ಈ ಬುರುಜು ಕಾಯ್ತಿತ್ತೋ, ಆ ಇಂಗ್ಲಿಷರೇ 1809ರಲ್ಲಿ ನಮ್ಮ ಕಂಟೋನ್ಮೆಂಟ್ ಕಟ್ಟಿದ್ರು. ಎಂಟು ಸ್ಪಾಟ್ ಓಡಿದ್ರೆ ಇಂಥ ಯೋಚನೆ ಬರೋಕೆ ಟೈಮೇ ಇರ್ತಿರಲಿಲ್ಲ.

ಬುರುಜಿನ ಪಕ್ಕದಿಂದಲೇ ತಣ್ಣೀರುಬಾವಿಗೆ ದೋಣಿ. ನಾವು ಗಡಿಬಿಡಿಯಲ್ಲಿ ಹತ್ತೋಕೆ ಹೋದಾಗ ದೋಣಿಯವರು ಕೇಳಿದ್ರು, "ಎಂತ ಮಾರಾಯ್ರೆ, ಅರ್ಜೆಂಟ್ ಉಂಟಾ?"

"ಇಲ್ಲ ಅಣ್ಣಾ."

"ಹಾಗಾದ್ರೆ ಕೂತ್ಕೊಳ್ಳಿ. ಜನ ತುಂಬಲಿ."

ಕೂತ್ಕೊಂಡ್ವಿ.

(4/5)

ಆ ಕಡೆ ಇಳಿದು ಊಟ ಹುಡುಕಿದ್ವಿ. ನನ್ನ ಫ್ರೆಂಡ್ ಬಂಗುಡೆ ಫ್ರೈ ಆರ್ಡರ್ ಮಾಡಿದಳು. ನಾನು "ಏ, ನಿನಗೆ ಮೀನು ಆಗಲ್ಲ ಅಲ್ವಾ?" ಅಂದೆ. ಮಲ್ಪೆಯಲ್ಲಿ ನಾವೆಲ್ಲ ತಿಂತಿದ್ದಾಗ ಅವಳು ಅಲರ್ಜಿ ಅಂತ ಬರೀ ಅನ್ನ ಸಾರು ತಿಂದಿದ್ದಳು. ಕಾರ್ಕಳದಲ್ಲಿ ಹಸಿವಿಲ್ಲ ಅಂದಿದ್ದಳು. ರಾತ್ರಿ ಐಸ್‌ಕ್ರೀಮ್‌ಗೆ ಬರಲೇ ಇಲ್ಲ.

ಅವಳು ನಕ್ಕಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು. "ಅಲರ್ಜಿ ಏನಿಲ್ಲ ಕಣೇ. ನಮ್ಮಮ್ಮ ರಸೆಲ್ ಮಾರ್ಕೆಟ್‌ನಿಂದ ತಂದು ಮಾಡೋ ಬಂಗುಡೆ ತಿಂದೇ ಬೆಳೆದಿದ್ದು ನಾನು. ನೀವು ಹೋಗ್ತಿದ್ದ ಹೋಟೆಲ್ ಬಿಲ್ ಹನ್ನೊಂದು ಭಾಗ ಆಗ್ತಿತ್ತು. ನಾನು ಏನೂ ತಿನ್ನಲ್ಲ ಅಂದ್ರೆ ನನ್ನ ಹೆಸರು ಬಿಡ್ತಿದ್ರಿ. ಟ್ರಿಪ್ ದುಡ್ಡೇ ಚಿಕ್ಕಮ್ಮನ ಹತ್ರ ಸಾಲ. ಇವತ್ತಿನ 450 ನನ್ನ ಹತ್ರ ಇರಲಿಲ್ಲ."

ಎರಡು ದಿನ. ಒಂದೇ ರೂಮು, ಒಂದೇ ಬಸ್ಸು, ಪಕ್ಕದ ಸೀಟು. ನಾನು ಅವಳ ಜೊತೆ 60ಕ್ಕೂ ಹೆಚ್ಚು ಫೋಟೋ ತೆಗೆಸ್ಕೊಂಡಿದ್ದೆ. ಎಲ್ಲದರಲ್ಲೂ ನಗ್ತಿದ್ದಾಳೆ. ಅವಳು ಹೊಟ್ಟೆಗೆ ಸರಿಯಾಗಿ ತಿಂದಿಲ್ಲ ಅನ್ನೋದು ನನಗೆ ಕಾಣಲೇ ಇಲ್ಲ. ಯಾಕಂದ್ರೆ ನಾನು ಮುಂದಿನ ಸ್ಪಾಟ್‌ಗೆ ಲೇಟಾಗ್ತಿದೆ ಅಂತ ವಾಚ್ ನೋಡ್ತಿದ್ದೆ.

ಬಸ್ಸು, ದೋಣಿ, ತಿಂಡಿ, ಊಟ, ಬೀಚಲ್ಲಿ ಒಂದೊಂದು ಶರಬತ್ತು, ಎಲ್ಲ ಸೇರಿ ಅವತ್ತು ನಮಗೆ ತಲಾ 260 ರೂಪಾಯಿ ಆಯ್ತು. ಯಾರೂ ಯಾರಿಗೂ ಏನೂ ಕೊಡಿಸಲಿಲ್ಲ. ಅವಳು ತನ್ನ ದುಡ್ಡಲ್ಲೇ, ತನಗೆ ಬೇಕಾದ್ದು ತಿಂದಳು. ಮೂರು ದಿನದಲ್ಲಿ ಅವಳು ನಮಗೆ ಸರಿಸಮವಾಗಿ ಕೂತಿದ್ದು ಅವತ್ತೊಂದೇ ಸಲ.

(ಅವಳನ್ನ ಕೇಳಿಯೇ ಇದನ್ನ ಬರೀತಿದ್ದೀನಿ. "ಹೆಸರು ಬೇಡ, ಬಂಗುಡೆ ಫೋಟೋ ಹಾಕು" ಅಂದಳು.)

(5/5)

ನೀವು ಕೇಳ್ತೀರ, "ಅಷ್ಟು ದೂರ ಹೋಗಿ, ಅಷ್ಟು ಖರ್ಚು ಮಾಡಿ, ಎಲ್ಲಾ ನೋಡದೆ ಬರೋದಾ?" ಇದಕ್ಕೆ ನಮ್ಮ ಪುಸ್ತಕದಲ್ಲೇ ಉತ್ತರ ಇದೆ: ಸಂಕ್ ಕಾಸ್ಟ್. ಆಗಲೇ ಖರ್ಚಾಗಿ ಹೋದ, ವಾಪಸ್ ಬರದ ದುಡ್ಡನ್ನ ಮುಂದಿನ ತೀರ್ಮಾನಕ್ಕೆ ಲೆಕ್ಕ ಹಿಡಿಯಬಾರದು. ಪರೀಕ್ಷೆಯಲ್ಲಿ ಐದು ಮಾರ್ಕ್ಸ್‌ಗೆ ಚೆನ್ನಾಗಿ ಬರೀತೀವಿ. ಟ್ರಿಪ್‌ನ ಕೊನೆ ದಿನ ಮಾತ್ರ "ದುಡ್ಡು ವಸೂಲಾಗ್ಬೇಕು" ಅಂತ ಓಡ್ತೀವಿ, ಮೇಲೆ ಇನ್ನೂ 450 ಸುರೀತೀವಿ.

"ಮತ್ತೆ ಯಾವಾಗ ಬರ್ತೀವೋ" ಅಂತಾರೆ. ಮಂಗಳೂರು ಒಂದು ರಾತ್ರಿಯ ದಾರಿ ಕಣ್ರೀ. ಕುದ್ರೋಳಿ ದೇವಸ್ಥಾನ 1912ರಿಂದ ಅಲ್ಲೇ ಇದೆ, ಮುಂದಿನ ವರ್ಷವೂ ಇರತ್ತೆ. ನಮ್ಮ ಹನ್ನೊಂದು ಜನ ಮುಂದಿನ ವರ್ಷ ಒಟ್ಟಿಗೆ ಇರ್ತೀವಾ? ಒಬ್ಬ ಸಿಎ ಇಂಟರ್, ಒಬ್ಬಳಿಗೆ ಮದುವೆ ಮಾತು, ಇಬ್ಬರು ಕೆಲಸಕ್ಕೆ. ಅವಸರ ಇದ್ರೆ ಮನುಷ್ಯರನ್ನ ನೋಡೋದಕ್ಕಿರಲಿ.

ನ್ಯಾಯವಾಗಿ ಇನ್ನೊಂದು ಹೇಳ್ಬೇಕು. ಗಾಡಿಯಲ್ಲಿ ಹೋದ ಏಳು ಜನ ಖುಷಿಯಾಗೇ ಬಂದ್ರು. ಎಂಟರಲ್ಲಿ ಐದು ಸ್ಪಾಟ್ ಆಯ್ತು, ಸೋಮೇಶ್ವರದ ಬಂಡೆ ಮೇಲಿನ ಸೂರ್ಯಾಸ್ತದ ಫೋಟೋ ನೋಡಿ ನನಗೆ ಹೊಟ್ಟೆಕಿಚ್ಚೂ ಆಯ್ತು. ಓಡಾಡೋದು ತಪ್ಪು ಅಂತ ನಾನು ಹೇಳ್ತಿಲ್ಲ. ಮೊದಲ ಎರಡು ದಿನ ಓಡಿ. ಕೊನೇದನ್ನ ಬಿಡಿ.

ಮುಂದಿನ ಟ್ರಿಪ್‌ನ ಖಜಾಂಚಿ ಆಗೋ ಜೂನಿಯರ್ಸ್‌ಗೆ ಮೂರು ಮಾತು:

ಒಂದು, ಕೊನೆ ದಿನ ಸಿಟಿ ಬಸ್ಸಲ್ಲಿ, ಕಾಲ್ನಡಿಗೆಯಲ್ಲಿ ಆಗೋಷ್ಟೇ. ಬರಲ್ಲ ಅಂದವರಿಂದ ಬೇರೆಯವರ ಪಾಲು ಜಾಸ್ತಿ ಆಗಬಾರದು.

ಎರಡು, ಊಟದ ಬಿಲ್ ಸಮಪಾಲು ಮಾಡ್ಬೇಡಿ. ತಿಂದಷ್ಟಕ್ಕೆ ಕೊಡಲಿ. ಸಮಪಾಲು ಅನ್ನೋದು ಕೇಳೋಕೆ ನ್ಯಾಯ, ಆದ್ರೆ ಕಮ್ಮಿ ಇರೋರು ಉಪವಾಸ ಬೀಳ್ತಾರೆ.

ಮೂರು, ಬಾಕಿ ಇರೋರ ಹೆಸರನ್ನ ಗ್ರೂಪಲ್ಲಿ ಹಾಕ್ಬೇಡಿ. ಒಬ್ಬರಿಗೇ ಮೆಸೇಜ್ ಮಾಡಿ, "ನಿಧಾನಕ್ಕೆ ಕೊಡು" ಅನ್ನಿ.

ರಾತ್ರಿ ಬಸ್ಸಲ್ಲಿ ನನ್ನ ಪಾಲಿನ 450ನ್ನ ಟ್ರಿಪ್ ಲೆಕ್ಕಕ್ಕೆ ಹಾಕಿದೆ. ಗಾಡಿ ಬುಕ್ ಮಾಡಿದ್ದು ನಾನು, ಏಳು ಜನದ ಮೇಲೆ ಹೊರೆ ಹಾಕಿ ಸುಮ್ಮನಿರೋದು ಸರಿಯಲ್ಲ ಅನ್ನಿಸ್ತು. ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು ನಾವಿಬ್ಬರೂ ಪರ್ಪಲ್ ಲೈನ್ ಹತ್ತಿದ್ವಿ. ನಾನು ಹಲಸೂರಲ್ಲಿ ಇಳೀಬೇಕು, ಅವಳು ಕೆ.ಆರ್. ಪುರಂ. ನನ್ನ ಸ್ಟೇಷನ್ ಬಂತು, ನಾನು ಏಳಲಿಲ್ಲ. ಅವಳು "ಏ, ನಿನ್ನ ಸ್ಟಾಪು" ಅಂದಳು. "ಅರ್ಜೆಂಟ್ ಉಂಟಾ?" ಅಂದೆ. ಕೆ.ಆರ್. ಪುರಂವರೆಗೂ ಮಾತಾಡ್ಕೊಂಡು ಹೋಗಿ, ವಾಪಸ್ ಬಂದೆ.

ನಿಮ್ಮ ಗ್ಯಾಂಗಲ್ಲಿ "ಹಸಿವಿಲ್ಲ" ಅಂದೋರು ಯಾರಾದ್ರೂ ಇದ್ರಾ? ಕಾಮೆಂಟಲ್ಲಿ ಹೆಸರು ಹಾಕ್ಬೇಡಿ. ಅವರಿಗೊಂದು ಫೋನ್ ಮಾಡಿ.

#ಕೊನೆದಿನ #ಮಂಗಳೂರು #ಹಳೇಬಂದರು #ಬಿಕಾಂಲೆಕ್ಕ #ಹಲಸೂರುಹುಡುಗಿ